ಬ್ಲೋವರ್ ‘ಡೈರೆಕ್ಟ್’ ಮಾಡಿಸಬೇಡಿ

ಕಾರಿನ ಬ್ಲೋವರ್, ಅಂದರೆ ಒಳಗೆ ಗಾಳಿ ಬೀಸುವ ಫ್ಯಾನ್, ಒಂದು, ಎರಡು, ಮೂರನೇ ಸ್ಪೀಡಿನಲ್ಲಿ ಸುಮ್ಮನಿರುತ್ತದೆ, ನಾಲ್ಕಕ್ಕೆ ಹಾಕಿದರೆ ಮಾತ್ರ ಭೋರ್ ಅಂತ ಗಾಳಿ ಬರುತ್ತದೆ. ನಿಮ್ಮ ಗಾಡಿಯಲ್ಲಿ ಹೀಗಾಗಿದ್ದು, ಯಾರಾದರೂ ‘ಡೈರೆಕ್ಟ್ ಮಾಡ್ಕೊಡ್ತೀನಿ ಸಾರ್’ ಅಂದರೆ ಗಾಡಿ ತಿರುಗಿಸಿಕೊಂಡು ಬಂದುಬಿಡಿ. ನಾನು ಬರಲಿಲ್ಲ.

ನಮ್ಮ ಮನೆ ಮೂಡಿಗೆರೆ ಕಡೆ. ಗಾಡಿ 11 ವರ್ಷದ ಸಣ್ಣ ಕಾರು. ಮಳೆಗಾಲದಲ್ಲಿ ಇಲ್ಲಿ ಬ್ಲೋವರ್ ಅನ್ನೋದು ಶೋಕಿಯಲ್ಲ. ಹೊರಗೆ ಜಡಿಮಳೆ, ಒಳಗೆ ನಾಲ್ಕು ಜನರ ಉಸಿರು. ಐದೇ ನಿಮಿಷಕ್ಕೆ ಮುಂದಿನ ಗಾಜು ಹಬೆ ಕಟ್ಟಿ ಬೆಳ್ಳಗಾಗುತ್ತದೆ. ಏಸಿ ಹಾಕಿ, ಹೀಟರ್ ಗುಂಡಿಯನ್ನೂ ಸ್ವಲ್ಪ ತಿರುಗಿಸಿ, ಗಾಳಿಯನ್ನು ಗಾಜಿಗೆ ಬಿಟ್ಟರೇನೇ ದಾರಿ ಕಾಣೋದು.

ಜೂನ್‌ನಲ್ಲಿ ಒಂದು ಬೆಳಿಗ್ಗೆ ಮೂರು ಸ್ಪೀಡೂ ಒಟ್ಟಿಗೆ ಹೋದವು. ಮೊದಲು ಹೋದ ಗ್ಯಾರೇಜಿನಲ್ಲಿ ‘ಮೋಟರ್ ಹೋಗಿದೆ, ಪೂರ್ತಿ ಸೆಟ್ ಬದಲಿಸಬೇಕು, 6,500 ಆಗುತ್ತೆ’ ಅಂದರು. ನಾಲ್ಕರಲ್ಲಿ ಅಷ್ಟು ಜೋರಾಗಿ ತಿರುಗುವ ಮೋಟರ್ ಹೇಗೆ ಹೋಗಿರುತ್ತೆ ಅಂತ ನನಗೆ ಅನುಮಾನ. ಆ ಅನುಮಾನ ಅರ್ಧ ಸರಿಯಿತ್ತು. ಉಳಿದರ್ಧ ಆಮೇಲೆ ಗೊತ್ತಾಯಿತು.

ಅಲ್ಲಿಂದ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಗ್ಲೋವ್ ಬಾಕ್ಸ್ ಬಿಚ್ಚಿ, ಎರಡು ಸ್ಕ್ರೂ ತೆಗೆದು, ಬೆರಳುದ್ದದ ಒಂದು ಸಾಮಾನು ಎಳೆದು ತೋರಿಸಿದರು. ‘ಇದು ರೆಸಿಸ್ಟರ್ ಸಾರ್. ಇದರಲ್ಲಿರೋ ಸಣ್ಣ ಫ್ಯೂಸ್ ಹೋಗಿದೆ ಅಷ್ಟೇ. ಹೊಸದು ಬೇಡ, ಡೈರೆಕ್ಟ್ ಮಾಡ್ತೀನಿ.’ ಆ ಫ್ಯೂಸಿನ ಜಾಗಕ್ಕೆ ಒಂದು ತುಂಡು ತಂತಿ ಬೆಸೆದರು. ಅರ್ಧ ಗಂಟೆ, 300 ರೂಪಾಯಿ, ನಾಲ್ಕೂ ಸ್ಪೀಡ್ ವಾಪಸ್. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮೂರು ವಾರದ ನಂತರ ಹೆಂಡತಿ, ಅತ್ತೆ, ಮಗನ ಜೊತೆ ಧರ್ಮಸ್ಥಳಕ್ಕೆ ಹೊರಟೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಅತ್ತೆಗೆ ಸದ್ದು ಆಗೋದಿಲ್ಲ ಅಂತ ಬ್ಲೋವರ್ ಎರಡರಲ್ಲಿಟ್ಟಿದ್ದೆ. ‘ರೀ, ಏನೋ ಸುಟ್ಟ ವಾಸನೆ’ ಅಂದಳು ಹೆಂಡತಿ. ಮುಂದಿದ್ದ ಲಾರಿಯ ಬ್ರೇಕ್ ಇರಬೇಕು ಅಂದುಕೊಂಡೆ. ಎರಡು ತಿರುವು ಕಳೆಯುವಷ್ಟರಲ್ಲಿ ಅವಳ ಕಾಲ ಹತ್ತಿರವೇ ಹೊಗೆ! ಗಾಡಿ ಬದಿಗೆ ಹಾಕಿ, ಕೀ ತೆಗೆದು, ಎಲ್ಲರನ್ನೂ ಇಳಿಸಿದೆ. ಮಳೆಯಲ್ಲೇ ಬಾನೆಟ್ ಎತ್ತಿ ಬ್ಯಾಟರಿ ಟರ್ಮಿನಲ್ ಬಿಚ್ಚಿದೆ. ಅತ್ತೆ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಹೊಗೆ ನಿಂತಿತು. ಬ್ಲೋವರ್ ಕನೆಕ್ಟರ್ ಕಳಚಿ ಹಾಕಿ ಮತ್ತೆ ಹೊರಟೆವು. ಗಾಳಿ ಇಲ್ಲದ ಮೇಲೆ ಗಾಜು ಬೆಳ್ಳಗಾಗದೆ ಇರುತ್ತದೆಯೇ? ಕಿಟಕಿ ಇಳಿಸಿ, ಒಳಗೆಲ್ಲ ಮಳೆ ಹೊಡೆಸಿಕೊಂಡು, ಮಗ ಟವೆಲ್‌ನಲ್ಲಿ ಗಾಜು ಒರೆಸುತ್ತಾ, ಆಮೆಯ ಹಾಗೆ ಉಜಿರೆ ಮುಟ್ಟಿದೆವು.

ಅಲ್ಲಿನ ಮೆಕ್ಯಾನಿಕ್ ರೆಸಿಸ್ಟರ್ ಹೊರಗೆಳೆದು ಒಮ್ಮೆ ನೋಡಿದರು. ‘ಬೆಂಕಿ ಹಿಡಿಯದ್ದು ನಿಮ್ಮ ಪುಣ್ಯ ಮಾರಾಯ್ರೆ.’ ಕನೆಕ್ಟರ್ ಕರಗಿ ಉಂಡೆಯಾಗಿತ್ತು. ನನಗೆ ಒಂದೇ ಪ್ರಶ್ನೆ: ಬ್ಲೋವರಿಗೆ 30 ಆಂಪಿಯರ್ ಫ್ಯೂಸ್ ಇದೆಯಲ್ಲ, ಅದು ಯಾಕೆ ಹೋಗಲಿಲ್ಲ?

ಅವರು ಹೇಳಿದ್ದು ಇಷ್ಟು. ನಾಲ್ಕನೇ ಸ್ಪೀಡಿನಲ್ಲಿ ಕರೆಂಟ್ ರೆಸಿಸ್ಟರ್ ಮುಟ್ಟದೆ ನೇರ ಮೋಟರಿಗೆ ಹೋಗುತ್ತದೆ. ಉಳಿದ ಮೂರರಲ್ಲಿ ಸುರುಳಿ ತಂತಿಗಳ ಮೂಲಕ ಹೋಗುತ್ತದೆ, ಒಂದಿಷ್ಟು ಶಕ್ತಿ ಅಲ್ಲೇ ಬಿಸಿಯಾಗಿ ಕಳೆಯುತ್ತದೆ. ಆ ಬಿಸಿ ಆರಲಿ ಅಂತಲೇ ರೆಸಿಸ್ಟರನ್ನು ಗಾಳಿ ಹೋಗುವ ದಾರಿಯಲ್ಲಿ ಕೂರಿಸಿರುತ್ತಾರೆ. ಅದರ ಮೇಲಿನ ಸಣ್ಣ ಫ್ಯೂಸ್ ಬಿಸಿಗೆ ಹೋಗುವಂಥದ್ದು. ಫ್ಯೂಸ್ ಡಬ್ಬಿಯಲ್ಲಿರುವ 30 ಆಂಪಿಯರಿನದು ಕರೆಂಟ್ ಮಿತಿ ಮೀರಿದರೆ ಹೋಗುವಂಥದ್ದು. ನಮ್ಮಲ್ಲಿ ಕರೆಂಟ್ 30 ಆಂಪಿಯರ್ ದಾಟಲೇ ಇಲ್ಲ, ಬಿಸಿ ಮಾತ್ರ ಏರಿತು. ಅದನ್ನು ತಡೆಯಲು ಇದ್ದ ಒಂದೇ ಕಾವಲನ್ನು ನಾನು 300 ರೂಪಾಯಿ ಕೊಟ್ಟು ತೆಗೆಸಿದ್ದೆ.

ಹಾಗಾದರೆ ಬಿಸಿ ಯಾಕೆ ಏರಿತು? ಬ್ಲೋವರ್ ಇಳಿಸಿದಾಗ ಅದರ ಚಕ್ರದ ತುಂಬಾ ಸಿಲ್ವರ್ ಓಕ್ ಎಲೆ, ಜೊತೆಗೆ ಇಲಿ ತಂದಿಟ್ಟ ಹತ್ತಿ. ನಮ್ಮ ಗಾಡಿಗೆ ಕ್ಯಾಬಿನ್ ಫಿಲ್ಟರೇ ಇಲ್ಲ. ವೈಪರ್ ಕೆಳಗಿನ ಜಾಲರಿಯಿಂದ ಬಿದ್ದದ್ದೆಲ್ಲ ನೇರ ಅಲ್ಲಿಗೇ ಹೋಗುತ್ತದೆ. ಬೆರಳಲ್ಲಿ ತಿರುಗಿಸಿದರೆ ಚಕ್ರ ಹಿಡಿದು ಹಿಡಿದು ತಿರುಗುತ್ತಿತ್ತು, ಮೋಟರಿನ ಬುಶ್ ಸವೆದಿತ್ತು. ತಿರುಗಲು ಒದ್ದಾಡುವ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಕೊಡುವ ಗಾಳಿ ಮಾತ್ರ ಕಮ್ಮಿ. ರೆಸಿಸ್ಟರಿಗೆ ಎರಡೂ ಕಡೆಯಿಂದ ಏಟು. ಜೂನ್‌ನಲ್ಲೇ ಹೊಸ ರೆಸಿಸ್ಟರ್ ಹಾಕಿಸಿದ್ದರೂ ಅದೂ ಕೆಲವೇ ದಿನದಲ್ಲಿ ಹೋಗುತ್ತಿತ್ತು ಅಂದರು. ಮೊದಲ ಗ್ಯಾರೇಜಿನವರು ಮೋಟರನ್ನು ದೂರಿದ್ದು ಪೂರ್ತಿ ಸುಳ್ಳಲ್ಲ. ಆದರೆ ಅವರು ಬಿಚ್ಚಿ ನೋಡಿ ಹೇಳಿದ್ದಲ್ಲ ಅನ್ನೋದೂ ನಿಜ.

ರೆಸಿಸ್ಟರ್ 480, ವೈರ್ ಸಮೇತ ಕನೆಕ್ಟರ್ 250, ಮೋಟರ್ 2,200, ಕೂಲಿ 600.

ನಿಮ್ಮ ಗಾಡಿಯಲ್ಲೂ ನಾಲ್ಕು ಮಾತ್ರ ಉಳಿದಿದ್ದರೆ ಹೆಚ್ಚಾಗಿ ರೆಸಿಸ್ಟರೇ ಹೋಗಿರುತ್ತದೆ. ಹೊಸದನ್ನೇ ಹಾಕಿಸಿ. ಹಾಕುವ ಮುಂಚೆ ಬ್ಲೋವರ್ ಇಳಿಸಿ, ಕಸ ತೆಗೆದು, ಚಕ್ರ ಸಲೀಸಾಗಿ ತಿರುಗುತ್ತದೆಯೇ ಅಂತ ನಿಮ್ಮ ಬೆರಳಿಂದಲೇ ನೋಡಿ. ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಸಡಿಲ ಪಿನ್ ಮತ್ತೆ ಸುಡುತ್ತದೆ. ನಾಲ್ಕೂ ಸ್ಪೀಡ್ ಸತ್ತಿದ್ದರೆ ಕಥೆ ಬೇರೆ: ಡಬ್ಬಿಯ ಫ್ಯೂಸ್, ರಿಲೇ, ಸ್ವಿಚ್, ಮೋಟರ್ ಒಂದೊಂದಾಗಿ ನೋಡಬೇಕು. ಆಟೋಮ್ಯಾಟಿಕ್ ಏಸಿ ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಈ ಸುರುಳಿ ರೆಸಿಸ್ಟರ್ ಇರುವುದಿಲ್ಲ, ಅದರ ಜಾಗದಲ್ಲಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ.

ಊರಿಗೆ ಬಂದ ಮೇಲೆ ಕರಗಿದ ಕನೆಕ್ಟರನ್ನು ಆ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಆ ಕಡೆ ಈ ಕಡೆ ತಿರುಗಿಸಿ ನೋಡಿ, ‘ಮೂರು ವಾರ ಓಡ್ತಲ್ಲ ಸಾರ್’ ಅಂದರು.