ಕರೆಂಟ್ ಹೋಗಿ ಬರುವ ಊರಿಗೆ ಯಾವ ಹಬ್, ಯಾವ ಡಾಕ್?

ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ. ಮನೆ ದಾವಣಗೆರೆಯ ವಿದ್ಯಾನಗರದಲ್ಲಿ. ಹರಿಹರ, ಚನ್ನಗಿರಿ ಕಡೆಯಿಂದ ಕ್ಯಾಮೆರಾದವರು ಕಾರ್ಡ್ ತಂದು ಕೊಡುತ್ತಾರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು ಎರಡೇ ಯುಎಸ್‌ಬಿ-ಸಿ ಪೋರ್ಟ್. ಹಾಕಬೇಕಾದ್ದು ಮಾತ್ರ ಮೆಮರಿ ಕಾರ್ಡ್, ಎಸ್‌ಎಸ್‌ಡಿ (ಫೈಲ್ ಇಡುವ ವೇಗದ ಡ್ರೈವ್), ಮಾನಿಟರ್, ಕೀಬೋರ್ಡ್, ಮೌಸ್, ಚಾರ್ಜರ್. ಹಾಗಾಗಿ ಬಿಡಿ ಅಡಾಪ್ಟರ್, ಒಂದು ಪೋರ್ಟನ್ನು ಏಳು ಮಾಡುವ ಹಬ್, ಅದೇ ಕೆಲಸವನ್ನು ಗೋಡೆಯ ಪ್ಲಗ್‌ನ ಸ್ವಂತ ಪವರ್‌ನಲ್ಲಿ ಮಾಡುವ ಡಾಕ್, ಮೂರನ್ನೂ ಇಟ್ಟುಕೊಂಡು ಕೆಲಸ ಮಾಡಿ ನೋಡಿದ್ದೇನೆ.

ಇಂಥ ಹೋಲಿಕೆಗಳಲ್ಲಿ ಎಲ್ಲರೂ ಮೊದಲು ಸ್ಪೀಡ್ ನೋಡುತ್ತಾರೆ. ನಾನು ಮೊದಲು ನೋಡುವುದು ಬೇರೆ: ಕಾಪಿ ಆಗುತ್ತಿರುವಾಗ ಕರೆಂಟ್ ಹೋದರೆ ಏನಾಗುತ್ತದೆ? ಮದುವೆ ಒಂದೇ ಸಲ ನಡೆಯುವುದು. ತಾಳಿ ಕಟ್ಟುವ ಫೈಲ್ ಅರ್ಧಕ್ಕೆ ತುಂಡಾದರೆ ಯಾರಿಗೆ ಏನು ಹೇಳೋದು?

ಬಿಡಿ ಅಡಾಪ್ಟರ್‌ಗಳಿಂದ ಶುರು ಮಾಡುತ್ತೇನೆ. ಒಂದು ಕಾರ್ಡ್ ರೀಡರ್, ಒಂದು ಎಚ್‌ಡಿಎಂಐ ಅಡಾಪ್ಟರ್. ಅಗ್ಗ, ಜೇಬಲ್ಲಿ ಹಿಡಿಸುತ್ತವೆ. ಚಾರ್ಜರ್ ಒಂದು ಪೋರ್ಟ್‌ನಲ್ಲಿ, ಕಾರ್ಡ್ ರೀಡರ್ ಇನ್ನೊಂದರಲ್ಲಿ. ಕರೆಂಟ್ ಹೋದರೂ ರೀಡರ್‌ಗೆ ಗೊತ್ತೇ ಆಗುವುದಿಲ್ಲ, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಅದರ ಪಾಡಿಗೆ ಅದು ಓಡುತ್ತದೆ. ನನ್ನ ಪರೀಕ್ಷೆಯಲ್ಲಿ ಇದು ಒಮ್ಮೆಯೂ ಕೈಕೊಟ್ಟಿಲ್ಲ. ತೊಂದರೆ ಒಂದೇ, ಒಂದು ಹೊತ್ತಿಗೆ ಒಂದೇ ಕೆಲಸ. ಕಾರ್ಡ್‌ನಿಂದ ಎಸ್‌ಎಸ್‌ಡಿಗೆ ನೇರವಾಗಿ ಸುರಿಯಬೇಕೆಂದರೆ ಚಾರ್ಜರ್ ಕೀಳಬೇಕು.

ಕಾಲೇಜಿನ ಸೆಮಿನಾರ್ ಹಾಲ್‌ಗೆ ಹೋಗಿ ಏನಾದರೂ ತೋರಿಸುವವರು ಒಂದು ವಿಜಿಎ ಅಡಾಪ್ಟರ್ ಕೂಡ ಬ್ಯಾಗಲ್ಲಿ ಇಟ್ಟುಕೊಳ್ಳಿ. ಹಳೇ ಪ್ರೊಜೆಕ್ಟರ್‌ಗಳು ಇನ್ನೂ ಇವೆ.

ಈಗ ಹಬ್. ಜಾಸ್ತಿ ಜನ ಕೊಳ್ಳುವುದು ಇದನ್ನೇ, ಗೊಂದಲ ಜಾಸ್ತಿ ಇರುವುದೂ ಇದರಲ್ಲೇ.

ಹಬ್‌ನ ಮೂಲಕವೇ ಚಾರ್ಜ್ ಮಾಡಬಹುದು ಅಂತ ಡಬ್ಬದ ಮೇಲೆ ಬರೆದಿರುತ್ತದೆ. 100 ವ್ಯಾಟ್ ಅಂದಿದ್ದರೆ ಅಷ್ಟೂ ಲ್ಯಾಪ್‌ಟಾಪ್‌ಗೆ ಹೋಗುವುದಿಲ್ಲ, ಹಬ್ ತನ್ನ ಪಾಲು ಇಟ್ಟುಕೊಂಡೇ ಮುಂದೆ ಬಿಡುತ್ತದೆ. ಅದು ಸಣ್ಣ ವಿಷಯ. ದೊಡ್ಡ ವಿಷಯ ಇದು: ಕರೆಂಟ್ ಇರುವಾಗ ಚಾರ್ಜರ್ ಹಬ್‌ಗೂ ಲ್ಯಾಪ್‌ಟಾಪ್‌ಗೂ ಪವರ್ ಕೊಡುತ್ತಿರುತ್ತದೆ. ಕರೆಂಟ್ ಹೋದ ಕ್ಷಣ ಎಲ್ಲ ತಿರುಗುಮುರುಗು. ಈಗ ಲ್ಯಾಪ್‌ಟಾಪ್ ಹಬ್‌ಗೆ ಪವರ್ ಕೊಡಬೇಕು. ಈ ಅದಲುಬದಲಿನಲ್ಲಿ ಕೆಲವು ಹಬ್‌ಗಳು ಒಂದು ಕ್ಷಣ ಸತ್ತು ಬದುಕುತ್ತವೆ. ಅಷ್ಟರಲ್ಲಿ ಎಸ್‌ಎಸ್‌ಡಿ ಕಳಚಿಕೊಂಡಿರುತ್ತದೆ, ಕಾಪಿ ಅಲ್ಲಿಗೇ ನಿಂತಿರುತ್ತದೆ. ಕರೆಂಟ್ ವಾಪಸ್ ಬಂದಾಗಲೂ ಇದೇ ಕಥೆ. ನಾನು ನೋಡಿದ ಅಗ್ಗದ ಹಬ್ ಎರಡೂ ಸಲ ಬಿಟ್ಟುಕೊಟ್ಟಿತು. ಸ್ವಲ್ಪ ದುಬಾರಿಯದ್ದು ತಡೆದುಕೊಂಡಿತು. ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಮಾಡುವ ಪದ್ಧತಿಯಾದ ಯುಎಸ್‌ಬಿ ಪವರ್ ಡೆಲಿವರಿಯಲ್ಲಿ ಇದಕ್ಕೆಂದೇ ಫಾಸ್ಟ್ ರೋಲ್ ಸ್ವಾಪ್ ಅಂತ ಒಂದು ಸೌಲಭ್ಯ ಇದೆ. ಅಂಗಡಿಯಲ್ಲಿ ಹೆಸರು ಹೇಳಿ ಕೇಳಿದರೆ ಉತ್ತರ ಸಿಗುವುದು ಕಷ್ಟ. ಅದಕ್ಕಿಂತ ಸುಲಭ ದಾರಿ ಇದೆ. ಹಬ್‌ಗೆ ಪೆನ್‌ಡ್ರೈವ್ ಹಾಕಿ, ಒಂದು ಸಿನಿಮಾ ಕಾಪಿಗೆ ಬಿಟ್ಟು, ಚಾರ್ಜರ್ ಸ್ವಿಚ್ ಆಫ್ ಮಾಡಿ, ಮತ್ತೆ ಆನ್ ಮಾಡಿ. ಅಂಗಡಿಯವರು ಒಪ್ಪಿದರೆ ಅಲ್ಲೇ ಗೊತ್ತಾಗುತ್ತದೆ.

ಮನೆಯಲ್ಲಿ ಇನ್ವರ್ಟರ್ ಇದೆಯಲ್ಲ ಅನ್ನಬಹುದು. ಅದರ ಹಿಂದೆ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದರಲ್ಲೇ ಇಡಿ. ಇನ್ನೊಂದು ಮೋಡ್‌ನಲ್ಲಿ ಬದಲಾಗಲು ಹಿಡಿಯುವ ಹೊತ್ತು ಜಾಸ್ತಿ, ಹಬ್ ಬೀಳಲು ಅಷ್ಟು ಸಾಕು.

ಇನ್ನು ಕಾರ್ಡ್ ಸ್ಲಾಟ್. ಎಷ್ಟೋ ಹಬ್‌ಗಳಲ್ಲಿ ಯುಎಸ್‌ಬಿ ಪೋರ್ಟ್ 5 ಗಿಗಾಬಿಟ್‌ನದ್ದು, ಪಕ್ಕದ ಕಾರ್ಡ್ ಸ್ಲಾಟ್ ಮಾತ್ರ ಹಳೇ ಯುಎಸ್‌ಬಿ 2.0, ಅಂದರೆ 480 ಮೆಗಾಬಿಟ್. ಅದರಲ್ಲಿ ಕೈಗೆ ಸಿಗುವುದು ಸೆಕೆಂಡಿಗೆ ಸುಮಾರು 35 ಮೆಗಾಬೈಟ್. ತುಂಬಿದ 64 ಜಿಬಿ ಕಾರ್ಡ್ ಖಾಲಿ ಮಾಡಲು ಅರ್ಧ ಗಂಟೆ. ಒಳ್ಳೇ ಸ್ಲಾಟ್‌ನಲ್ಲಿ 90ರ ಹತ್ತಿರ ಬಂದರೆ ಹನ್ನೆರಡು ನಿಮಿಷ. ಕ್ಯಾಮೆರಾದವರು ಕಾರ್ಡ್ ವಾಪಸ್ ಬೇಕು ಅಂತ ಬಾಗಿಲಲ್ಲಿ ನಿಂತಾಗ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಮಾನಿಟರ್ ವಿಷಯದಲ್ಲೂ ಡಬ್ಬ ಪೂರ್ತಿ ಓದಿ. '4ಕೆ' ದೊಡ್ಡದಾಗಿ, '30 ಹರ್ಟ್ಸ್' ಸಣ್ಣದಾಗಿ ಇರುತ್ತದೆ. ಅಂದರೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಾಗುತ್ತದೆ. 30ರಲ್ಲಿ ಮೌಸ್ ಬಾಣವೇ ಎಳೆದಂತೆ ಓಡುತ್ತದೆ, ಎಡಿಟಿಂಗ್‌ಗೆ ಆಗಲ್ಲ. ಯುಎಸ್‌ಬಿ-ಸಿ ಕೇಬಲ್‌ನಲ್ಲಿ ವೇಗದ ಸಾಲುಗಳು ನಾಲ್ಕು. ಹಬ್ ಎರಡನ್ನು ಡೇಟಾಗೆ, ಎರಡನ್ನು ಚಿತ್ರಕ್ಕೆ ಹಂಚುತ್ತದೆ. ಲ್ಯಾಪ್‌ಟಾಪ್ ಮತ್ತು ಹಬ್ ಎರಡೂ ಡಿಸ್‌ಪ್ಲೇಪೋರ್ಟ್ (ಚಿತ್ರ ಕಳಿಸುವ ಪದ್ಧತಿ) 1.4 ಆಗಿದ್ದರೆ ಆ ಎರಡೇ ಸಾಲಲ್ಲಿ 60 ಹರ್ಟ್ಸ್ ಬರುತ್ತದೆ, 1.2 ಆದರೆ 30ಕ್ಕೆ ನಿಲ್ಲುತ್ತದೆ. ನಿಮ್ಮದು ಫುಲ್ ಎಚ್‌ಡಿ ಮಾನಿಟರ್ ಆದರೆ ಈ ತಲೆನೋವೇ ಇಲ್ಲ. ಆದರೆ ಒಂದು ನೆನಪಿಡಿ: ಕೆಲವು ಲ್ಯಾಪ್‌ಟಾಪ್‌ಗಳ ಯುಎಸ್‌ಬಿ-ಸಿ ಪೋರ್ಟ್ ಚಿತ್ರವನ್ನೇ ಕಳಿಸುವುದಿಲ್ಲ. ಹಬ್ ಕೊಳ್ಳುವ ಮೊದಲು ಲ್ಯಾಪ್‌ಟಾಪ್‌ನ ವಿವರ ನೋಡಿ.

ಡಾಕ್ ಬಗ್ಗೆ ಕಡಿಮೆ ಹೇಳಿದರೂ ಸಾಕು. ಒಂದೇ ಕೇಬಲ್, ಎರಡು ಮಾನಿಟರ್, ಮೇಜು ಚೊಕ್ಕ. ಥಂಡರ್‌ಬೋಲ್ಟ್ 4 (ಯುಎಸ್‌ಬಿ-ಸಿ ಆಕಾರದ್ದೇ ಹೆಚ್ಚು ವೇಗದ ಪೋರ್ಟ್) ಆದರೆ 40 ಗಿಗಾಬಿಟ್, ಎಸ್‌ಎಸ್‌ಡಿ ಮೇಲಿಂದಲೇ ಎಡಿಟ್ ಮಾಡಬಹುದು. ಬೆಲೆ ಹಬ್‌ನ ಹಲವು ಪಟ್ಟು. ಆದರೆ ಅದರ ಜೀವ ಗೋಡೆಯ ಪ್ಲಗ್‌ನಲ್ಲಿದೆ. ಕರೆಂಟ್ ಹೋದರೆ ಡಾಕ್‌ನ ಜೊತೆ ಅದಕ್ಕೆ ಹಾಕಿದ್ದೆಲ್ಲ ಹೋಗುತ್ತದೆ. ಲ್ಯಾಪ್‌ಟಾಪ್‌ನ ಬ್ಯಾಟರಿ ಅದನ್ನು ಕಾಪಾಡುವುದಿಲ್ಲ. ಡಾಕ್ ಕೊಂಡರೆ ಯುಪಿಎಸ್‌ನ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕಿ. ಒಂದೇ ಜಾಗದಲ್ಲಿ ಕೂತು ದಿನವಿಡೀ ಎಡಿಟ್ ಮಾಡುವವರಿಗೆ ಅದು ಸರಿ. ಮದುವೆ ಮಂಟಪಕ್ಕೂ ಲ್ಯಾಪ್‌ಟಾಪ್ ಒಯ್ಯುವವರಿಗೆ ಬೇಡ.

ನಾನು ಈಗ ಬಳಸುವುದು ಹಬ್ಬನ್ನೇ, ಆದರೆ ಚಾರ್ಜರ್ ಅದಕ್ಕೆ ಹಾಕುವುದಿಲ್ಲ. ಚಾರ್ಜರ್ ನೇರ ಲ್ಯಾಪ್‌ಟಾಪ್‌ನ ಒಂದು ಪೋರ್ಟ್‌ಗೆ, ಹಬ್ ಇನ್ನೊಂದಕ್ಕೆ. ಕರೆಂಟ್ ಎಷ್ಟು ಸಲ ಹೋಗಲಿ ಬರಲಿ, ಹಬ್‌ಗೆ ಬರುವ ಪವರ್ ಬದಲಾಗುವುದಿಲ್ಲ. ಒಂದೇ ಯುಎಸ್‌ಬಿ-ಸಿ ಇರುವ ಲ್ಯಾಪ್‌ಟಾಪ್‌ನವರು ಕಾಪಿ ಮುಗಿಯುವವರೆಗೆ ಚಾರ್ಜರ್ ತೆಗೆದಿಡಿ, ಬ್ಯಾಟರಿ ಅಷ್ಟು ಹೊತ್ತು ತಡೆಯುತ್ತದೆ. ಈ ರೀತಿಯಲ್ಲಿ ಎಸ್‌ಎಸ್‌ಡಿ ಒಂದಕ್ಕಿಂತ ಜಾಸ್ತಿ ಹಾಕಬೇಡಿ. ಒಂದು ಯುಎಸ್‌ಬಿ 3 ಪೋರ್ಟ್‌ಗೆ ನಿಗದಿಯಾದದ್ದು 900 ಮಿಲಿಆಂಪಿಯರ್, ಹಬ್‌ನ ಎಲ್ಲ ಪೋರ್ಟ್‌ಗಳೂ ಲ್ಯಾಪ್‌ಟಾಪ್ ಕೊಡುವುದನ್ನೇ ಹಂಚಿಕೊಳ್ಳಬೇಕು. ತಿರುಗುವ ಹಳೇ ಹಾರ್ಡ್ ಡಿಸ್ಕ್ ಎರಡು ಸೇರಿದರೆ ಪವರ್ ಸಾಲದೆ ಟಕ್ ಟಕ್ ಸದ್ದು ಶುರುವಾಗುತ್ತದೆ.

ವೈಶಾಖದ ಮದುವೆ ಸೀಸನ್‌ನಲ್ಲಿ ನಮ್ಮೂರಿನ ಸೆಕೆ ಗೊತ್ತಲ್ಲ. ಲೋಹದ ಹಬ್ ಮುಟ್ಟಿದರೆ ಬಿಸಿ ಇರುತ್ತದೆ, ಒಳಗಿನ ಕಾವು ಹೊರಗೆ ಬರುತ್ತಿದೆ ಅಂತ ಅರ್ಥ. ಅದನ್ನು ಲ್ಯಾಪ್‌ಟಾಪ್‌ನ ಬಿಸಿಗಾಳಿ ಬರುವ ಕಡೆ ಇಡಬೇಡಿ, ಅಷ್ಟೇ.

ಹಬ್ ಹಾಕಿದ ಮೇಲೆ ವೈರ್‌ಲೆಸ್ ಮೌಸ್ ತಡವರಿಸುತ್ತಿದ್ದರೆ ಮೌಸ್ ಕೆಟ್ಟಿದೆ ಅಂದುಕೊಳ್ಳಬೇಡಿ. ಯುಎಸ್‌ಬಿ 3.0 ಓಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಹೊರಡುತ್ತದೆ, ಮೌಸ್ ಮಾತಾಡುವುದೂ ಅಲ್ಲೇ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಬರೆದಿದೆ. ಮೌಸ್‌ನ ಡಾಂಗಲ್ (ಯುಎಸ್‌ಬಿಗೆ ಹಾಕುವ ಸಣ್ಣ ರಿಸೀವರ್) ಅನ್ನು ಎಸ್‌ಎಸ್‌ಡಿ ಪಕ್ಕದಿಂದ ತೆಗೆದು ಒಂದು ಸಣ್ಣ ಎಕ್ಸ್‌ಟೆನ್ಷನ್ ಕೇಬಲ್‌ಗೆ ಹಾಕಿ, ಒಂದು ಗೇಣು ದೂರ ಇಟ್ಟರೆ ಸರಿಹೋಗುತ್ತದೆ.