ಸುರಂಗ ಬಿಡಿಸುವವರ ಸೇವೆ: ಬಾಯಾರಿನ ತೋಟದಿಂದ ಒಂದು ಅನುಭವ

ಕಾಸರಗೋಡಿನ ಬಾಯಾರಿನಲ್ಲಿರುವ ನಮ್ಮ ಅಡಿಕೆ ತೋಟಕ್ಕೆ ನೀರು ಬರುವುದು ಅಜ್ಜನ ಕಾಲದಲ್ಲಿ ನೀರಿಗಾಗಿ ಗುಡ್ಡದ ಬುಡಕ್ಕೆ ಅಡ್ಡಲಾಗಿ ಕೊರೆಸಿದ 60 ಕೋಲು (ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ) ಉದ್ದದ ಸುರಂಗದಿಂದ. ಕಳೆದ ಮಳೆಗಾಲದಲ್ಲಿ ಒಳಗೆ ಮಣ್ಣು ಕುಸಿದ ಮೇಲೆ, ದಂಬೆಯಲ್ಲಿ (ನೀರು ಹರಿಸುವ ಮರದ ದೋಣಿಯಲ್ಲಿ) ಧಾರಾಳವಾಗಿ ಬೀಳುತ್ತಿದ್ದ ನೀರು ಕಿರುಬೆರಳಿನ ಗಾತ್ರಕ್ಕೆ ಇಳಿದಿತ್ತು. ಫೆಬ್ರವರಿಯಲ್ಲಿ ಅದನ್ನು ಬಿಡಿಸಿಕೊಟ್ಟವರು ಪಕ್ಕದ ಊರಿನ ಒಬ್ಬ ಹಿರಿಯ ಸುರಂಗ ಕೆಲಸಗಾರರು ಮತ್ತು ಮಣ್ಣು ಹೊರುವ ಅವರ ಜೊತೆಗಾರರು.

ಮೊದಲ ದಿನ ಅವರು ಪಿಕ್ಕಾಸು ಮುಟ್ಟಲಿಲ್ಲ. ಮೇಣದ ಬತ್ತಿ ಹಿಡಿದು ಒಳಗೆ ಹೋದರು. ಉರಿ ಮಂಕಾದ ಕಡೆಯಲ್ಲೇ ಉಸಿರಾಟಕ್ಕೆ ಗಾಳಿ ಸಾಲದೆಂದು ತಿಳಿದು ಹಿಂದಿರುಗಿದರು. ಮರುದಿನ ಪಿಕ್ಕಾಸಿನ ಹಿಡಿಯಿಂದ ಗೋಡೆ ತಟ್ಟಿ ಸದ್ದು ಆಲಿಸುತ್ತ, ಗಟ್ಟಿ ಮುರಕಲ್ಲನ್ನು (ಕೆಂಪು ಕಲ್ಲನ್ನು) ಹಾಗೆಯೇ ಬಿಟ್ಟು, ಸಡಿಲಾದ ಶೇಡಿ ಮಣ್ಣನ್ನು (ಮೆತ್ತನೆಯ ಜೇಡಿಯನ್ನು) ಮಾತ್ರ ಮೇಲಿನಿಂದ ಸ್ವಲ್ಪ ಸ್ವಲ್ಪವೇ ಉದುರಿಸಿ, ಸುರಂಗದ ಮಾಡು, ಅಂದರೆ ಛಾವಣಿ, ಮತ್ತೆ ಕಮಾನಿನಂತೆ ನಿಲ್ಲುವ ಹಾಗೆ ಕೆತ್ತಿದರು. ಒಬ್ಬರೇ ಬಗ್ಗಿ ನಿಲ್ಲಬಹುದಾದ ಆ ಇಕ್ಕಟ್ಟಿನಲ್ಲಿ ಗೋಡೆಗೆ ಅಂಗೈ ಒತ್ತಿ ತೇವ ಹುಡುಕಿದವರು, ನೀರಿನ ಒಸರು ಎಡಕ್ಕೆ ಸರಿದಿದೆ ಎಂದು ಹೇಳಿ ಆ ಕಡೆಗೆ 3 ಕೋಲು ಕೊರೆದಾಗ ನೀರು ಹೊರಟಿತು. ನಾಲ್ಕನೆಯ ದಿನ ಸಂಜೆ ದಂಬೆ ತುಂಬಿ ಹರಿಯುವುದನ್ನು ಕಂಡು ನನ್ನ ಕಣ್ಣು ತುಂಬಿ ಬಂದಿತ್ತು.

ಎಂಜಿನಿಯರಿಂಗ್ ಓದುತ್ತಿರುವ ಮಗ, ಈ ಕೆಲಸವನ್ನು ಮುಂದೆ ರೋಬೋಟ್ ಮಾಡಬಹುದೇ ಎಂದು ಕೇಳಿದ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನೆಲದಡಿಯ ರೋಬೋಟ್‌ಗಳಿಗಾಗಿಯೇ ನಡೆಸಿದ ಸ್ಪರ್ಧೆಯ 2021ರ ಅಂತಿಮ ಸುತ್ತಿನಲ್ಲಿ, ಗೆದ್ದ ತಂಡ 20 ಲಕ್ಷ ಡಾಲರ್ ಬಹುಮಾನ ಪಡೆದಿತ್ತು. ಅಡಗಿಸಿಟ್ಟ 40 ವಸ್ತುಗಳಲ್ಲಿ ಅದು ಗುರುತಿಸಿದ್ದು 23. ಅದು ದೊಡ್ಡ ಸಾಧನೆಯೇ ಸರಿ. ಆದರೆ ಅಲ್ಲಿದ್ದ ಕೆಲಸ ದಾರಿ ಹುಡುಕುವುದು ಮತ್ತು ನೋಡುವುದು. ಇಲ್ಲಿ ಯಾವ ಹೆಂಟೆ ತೆಗೆದರೆ ಮಾಡು ಉಳಿಯುತ್ತದೆ ಎಂದು ಕತ್ತಲಲ್ಲಿ, ಕೆಸರಲ್ಲಿ ನಿಂತು ನಿರ್ಧರಿಸಿ, ಆ ನಿರ್ಧಾರದ ಅಡಿಯಲ್ಲೇ ಕೆಲಸ ಮುಂದುವರಿಸಬೇಕು. ಒಂದು ಸುರಂಗದಂತೆ ಇನ್ನೊಂದು ಇರುವುದಿಲ್ಲವಾದ್ದರಿಂದ, ಕಂಪ್ಯೂಟರಿಗೆ ಕಲಿಸಲು ಬೇಕಾದ ದಾಖಲೆಯೂ ನನಗೆ ತಿಳಿದಂತೆ ಇಲ್ಲ; ಇರುವುದು ಇಂಥವರ ಅಂಗೈಯಲ್ಲಿ.

ಕೊರತೆಗಳನ್ನೂ ಹೇಳಬೇಕು. ಒಪ್ಪಿದ ದಿನಕ್ಕಿಂತ ಎರಡು ವಾರ ತಡವಾಗಿ ಬಂದರು. ನಾನು ತಂದುಕೊಟ್ಟ ಹೆಲ್ಮೆಟ್ ಅನ್ನು ಒಂದೇ ದಿನ ಹಾಕಿದರು. ಇದನ್ನು ನಾನು ಒಪ್ಪಲಾರೆ, ಕೆಲಸ ಮಾಡಿಸುವವರು ಪಟ್ಟು ಹಿಡಿಯಲೇಬೇಕು. ಅವರ ಬಳಿ ಕಲಿಯುವ ಹುಡುಗರು ಯಾರೂ ಇಲ್ಲ, ರೋಬೋಟಿಗಿಂತ ನನಗೆ ಭಯವಿರುವುದು ಇದರದ್ದು. ಕೂಲಿ ದಿನದ ಲೆಕ್ಕ, ಊಟ ನಮ್ಮದು. ಬೇಸಗೆಯ ಕೆಲಸಕ್ಕೆ ದೀಪಾವಳಿಯ ಹೊತ್ತಿಗೇ ಹೇಳಿಟ್ಟರೆ ಒಳ್ಳೆಯದು.