ಕೂಲೆಂಟ್ ಇಳಿಯುತ್ತಿದ್ದರೆ ಸುಮ್ನೆ ನೀರು ಸುರಿಯಬೇಡಿ

ಕಾರಿನ ಕೂಲೆಂಟ್ (ಎಂಜಿನ್ನನ್ನು ತಣ್ಣಗಿಡುವ ದ್ರವ) ವಾರ ವಾರವೂ ಇಳಿಯುತ್ತಿದೆಯಾ? ಹಾಗಿದ್ದರೆ ನನ್ನ ಹಾಗೆ ನೀರು ಸುರಿದು ಬಾನೆಟ್ ಮುಚ್ಚಬೇಡಿ. ನಾನು ಒಂದು ತಿಂಗಳು ಅದನ್ನೇ ಮಾಡಿದೆ. ಕೊನೆಗೆ ಎಂಜಿನ್ ಹೆಡ್ಡನ್ನೇ, ಅಂದರೆ ಎಂಜಿನ್ನಿನ ಮೇಲ್ಭಾಗವನ್ನೇ, ಬಿಚ್ಚಿಸಬೇಕಾಯಿತು.

ಮೊದಲ ಸಲ ನೋಡಿದಾಗ ಕೂಲೆಂಟ್ ಬಾಟಲಿಯ 'ಮಿನ್' (ಕನಿಷ್ಠ ಮಟ್ಟ) ಗೆರೆಗಿಂತ ಒಂದು ಬೆರಳು ಕೆಳಗಿತ್ತು, ಅಷ್ಟೇ. ನಲ್ಲಿ ನೀರು ಹಾಕಿದೆ. ಮುಂದಿನ ವಾರ ಮತ್ತೆ ಅದೇ ಕಥೆ. ಬಗ್ಗಿ ನೋಡಿದರೆ ಕಾರಿನಡಿ ನೆಲ ಒಣಗಿತ್ತು. ಆವಿಯಾಗಿರಬೇಕು ಅಂದುಕೊಂಡೆ. ಎಡವಿದ್ದೇ ಅಲ್ಲಿ. ಕೂಲೆಂಟ್ ಪೆಟ್ರೋಲಿನ ಥರ ಖರ್ಚಾಗುವುದಿಲ್ಲ, ಮುಚ್ಚಿದ ಪೈಪುಗಳೊಳಗೆ ಸುತ್ತುತ್ತಲೇ ಇರುತ್ತದೆ. ಪದೇ ಪದೇ ಇಳಿಯಿತು ಅಂದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಎಂಜಿನ್ನಿನೊಳಗೇ ಸೇರಿ ಹೊಗೆಯಾಗಿ ಹೋಗುತ್ತಿದೆ.

ನನ್ನ ಕಾರಿನಲ್ಲಿ, ಬಿಸಿ ಕೂಲೆಂಟನ್ನು ಗಾಳಿಗೆ ಆರಿಸುವ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕಿನ ಅಂಚಿಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಎಂಜಿನ್ ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಜಿನುಗಿ, ಆ ಬಿಸಿಗೇ ಆರಿಹೋಗುತ್ತಿತ್ತು. ನೆಲಕ್ಕೆ ಹನಿ ಬಿದ್ದರೆ ತಾನೇ ಗೊತ್ತಾಗುವುದು? ಆ ಜಾಗದಲ್ಲಿ ಉಪ್ಪು ಕಟ್ಟಿದ ಹಾಗೆ ತೆಳು ಹಸಿರು ಪುಡಿ ಇತ್ತು. ಗಾಡಿ ನಿಲ್ಲಿಸಿದಾಗ ಒಂಥರಾ ಸಿಹಿ ವಾಸನೆಯೂ ಬರುತ್ತಿತ್ತು. ಎರಡನ್ನೂ ಕಡೆಗಣಿಸಿದೆ.

ಒಂದು ದಿನ ಉದ್ದನೆಯ ಏರಿನಲ್ಲಿ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯಿತು. ಇನ್ನೆರಡು ಕಿಲೋಮೀಟರ್ ತಾನೇ ಅಂತ ಓಡಿಸಿದೆ. ಆಮೇಲೆ ಮುಳ್ಳು ತಟ್ಟನೆ ಕೆಳಗಿಳಿಯಿತು. ಅಬ್ಬಾ, ತಣ್ಣಗಾಯ್ತು ಅಂತ ಖುಷಿಪಟ್ಟೆ! ನಿಜಕ್ಕೂ ಆಗಿದ್ದೇ ಬೇರೆ. ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಬಿಸಿ ತೋರಿಸುತ್ತದೆ. ಕೂಲೆಂಟ್ ಖಾಲಿಯಾಗಿ ಅದು ಬರೀ ಗಾಳಿಯಲ್ಲಿ ನಿಂತಿತ್ತು. ಹೀಟರ್ ಹಾಕಿದರೆ ತಣ್ಣನೆ ಗಾಳಿ ಬಂತು. ಅದೂ ಇದೇ ಕಾರಣಕ್ಕೆ, ಹೀಟರಿಗೆ ಬಿಸಿ ಕೊಡುವುದೂ ಕೂಲೆಂಟೇ. ಆಗಲೂ ನನಗೆ ಹೊಳೆಯಲಿಲ್ಲ. ಸ್ವಲ್ಪ ದೂರಕ್ಕೇ ಎಂಜಿನ್ ಕಟಕಟ ಅಂದು ನಿಂತಿತು.

ಇಳಿದವನೇ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಪಕ್ಕದಲ್ಲಿ ಬೈಕ್ ನಿಲ್ಲಿಸಿದ್ದವರು ಕಿರುಚಿದ್ದರಿಂದ ಮುಖ ಉಳಿಯಿತು. ಒತ್ತಡ ಇರುವುದರಿಂದ ಕೂಲೆಂಟ್ 100 ಡಿಗ್ರಿ ದಾಟಿದರೂ ಒಳಗೆ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಉಕ್ಕಿ ಮೈಮೇಲೆ ಬರುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ಬೇಡ, ಹೆಡ್ ಸೀಳಬಹುದು. ಮುಳ್ಳು ಏರಿದ ಕೂಡಲೇ ಪಕ್ಕಕ್ಕೆ ಹಾಕಿ ಆಫ್ ಮಾಡಿ, ಪೂರ್ತಿ ಆರುವವರೆಗೆ ಕಾಯಿರಿ.

ಮಟ್ಟ ನೋಡುವುದಾದರೆ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಸಮತಟ್ಟು ಜಾಗದಲ್ಲಿ ನೋಡಿ. ಹಳೇ ಬಾಟಲಿಗಳಲ್ಲಿ ಕಲೆ ಕಟ್ಟಿರುತ್ತದೆ, ಕೂಲೆಂಟ್ ಇಲ್ಲದಿದ್ದರೂ ಇದ್ದ ಹಾಗೇ ಕಾಣುತ್ತದೆ. ಟಾರ್ಚ್ ಬೆಳಕು ಹಾಯಿಸಿ ಕಾರನ್ನು ಸ್ವಲ್ಪ ಅಲುಗಾಡಿಸಿ, ಒಳಗೆ ಏನಾದರೂ ತುಳುಕುತ್ತದಾ ನೋಡಿ. ರೇಡಿಯೇಟರಿಗೇ ಮುಚ್ಚಳ ಇದ್ದರೆ ತಣ್ಣಗಿರುವಾಗ ಅದನ್ನೂ ತೆಗೆದು ನೋಡಿ. ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವುದೂ ಉಂಟು. ಹಾಂ, ಚೆಲ್ಲಿದ ಕೂಲೆಂಟನ್ನು ತಕ್ಷಣ ತೊಳೆಯಿರಿ. ಸಿಹಿ ಅಂತ ನಾಯಿ ನೆಕ್ಕುತ್ತದೆ, ಅದು ವಿಷ.

ರೇಡಿಯೇಟರ್ ಬದಲಾಯಿಸುವುದು ಅರ್ಧ ದಿನದ ಕೆಲಸವಂತೆ. ನನ್ನ ಕಾರು 11 ದಿನ ಗ್ಯಾರೇಜಿನಲ್ಲಿತ್ತು.